ವಸಿ ನೀರ್ ಕೊಡಮ್ಮಿ

ಅಪ್ಪನಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಸ್ವಾಧೀನ ತಪ್ಪಿದ್ದ ಬಲಗಾಲು ಫಿಸಿಯೋಥೆರಪಿಯಿಂದ ಕೊಂಚ ದಾರಿಗೆ ಬಂದಿತ್ತು, ಮಾತು ಮಾತ್ರ ಬಂದಿರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ‘ತೊ, ತೊ’ ಎಂಬ ಒಂದೇ ಸದ್ದು. ಬೇಕಾದ್ದನ್ನು ಹೇಳಲಾರದೆ ಎಡಗೈಯಿಂದ ಮಂಚಕ್ಕೆ ಗುದ್ದುತ್ತಿದ್ದ. ಮದ್ದೂರಿನ ಸುತ್ತಲ ಹಳ್ಳಿಗಳಲ್ಲಿ ಭೀಮನ ಪಾರ್ಟು ಎಂದರೆ ನಮ್ಮಪ್ಪನೇ ಎನ್ನುವಷ್ಟು ಹೆಸರು ಮಾಡಿದ್ದ ಮನುಷ್ಯ. ನಮ್ಮ ಕಡೆ ಪೌರಾಣಿಕ ನಾಟಕದಲ್ಲಿ ಪಾತ್ರ ಬೇಕೆಂದರೆ ಮೇಷ್ಟ್ರಿಗೆ ದುಡ್ಡು ಕಟ್ಟಬೇಕು. ಕಬ್ಬಿನ ದುಡ್ಡಿನಲ್ಲಿ ಒಂದು ಪಾಲನ್ನು ಅಪ್ಪ ಅದಕ್ಕೇ ಎತ್ತಿಡುತ್ತಿದ್ದ. ಅಂಥವನ ಬಾಯಲ್ಲಿ ಈಗ ಒಂದಕ್ಷರ.

ಸಂಗೀತ ಚಿಕಿತ್ಸೆ ಅಂದರೆ ಏನೆಂದು ನಾನು ಆಗ ತಿಳಿದುಕೊಂಡಿದ್ದೇ ಬೇರೆ. ಬಂಧುಗಳು ವಾಟ್ಸಾಪಿನಲ್ಲಿ ಪಟ್ಟಿ ಕಳಿಸಿದ್ದರು: ಈ ಕಾಯಿಲೆಗೆ ಈ ರಾಗ, ಇಷ್ಟು ಹೊತ್ತು. ಅದನ್ನು ನಂಬಿ ನಾನು ಅಪ್ಪನ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ವೀಣೆ ಹಾಕುತ್ತಿದ್ದೆ. ಮೂರನೆಯ ದಿನ ಅವನೇ ಕಿತ್ತು ಎಸೆದ. ವೀಣೆ ಅವನ ಬದುಕಿನಲ್ಲಿ ಎಲ್ಲಿಯೂ ಇರಲಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ವಾಕ್ ಚಿಕಿತ್ಸೆ ಮಾಡುತ್ತಿದ್ದವರೇ ಸಂಗೀತ ಚಿಕಿತ್ಸೆ ಮಾಡುವ ಈ ಮೇಡಂ ಹತ್ತಿರ ಕಳಿಸಿದರು. ಅವರ ಕೋಣೆಯಲ್ಲಿ ಇದ್ದದ್ದು ಒಂದು ಹಾರ್ಮೋನಿಯಂ, ಒಂದು ಮೇಜು, ನಾಲ್ಕು ಕುರ್ಚಿ. ಮೊದಲ ಅರ್ಧ ಗಂಟೆ ಅವರು ಒಂದು ಸ್ವರವನ್ನೂ ನುಡಿಸಲಿಲ್ಲ. ಕೇಳಿದರು, ಕೇಳುತ್ತಲೇ ಹೋದರು. ಅದೂ ನನ್ನನ್ನಲ್ಲ, ಅವ್ವನನ್ನು. ಹೊಲದಲ್ಲಿ ಏನು ಗುನುಗುತ್ತಿದ್ದರು? ನಾಟಕದಲ್ಲಿ ಯಾವ ಮಟ್ಟು ಇಷ್ಟ? ಕೋಪ ಬಂದರೆ ಹಾಡು ನಿಲ್ಲಿಸುತ್ತಿದ್ದರಾ, ಜೋರು ಮಾಡುತ್ತಿದ್ದರಾ? ಇಂಥ ಪ್ರಶ್ನೆ ಯಾವ ಡಾಕ್ಟರೂ ಕೇಳಿರಲಿಲ್ಲ. ಅವ್ವ ಮೊದಲು ನಾಚಿದಳು, ಆಮೇಲೆ ಅಪ್ಪನ ಇಡೀ ಆಯಸ್ಸನ್ನೇ ಅವರ ಮುಂದೆ ಹರವಿದಳು.

ಕೊನೆಗೆ ಮೇಡಂ ಪೆಟ್ಟಿಗೆ ಎಳೆದುಕೊಂಡರು. ಕಪ್ಪು ಒಂದು, ಬಿಳಿ ಎರಡು ಎಂದು ಶ್ರುತಿ ಬದಲಿಸುತ್ತ ಅಪ್ಪನ ಮುಖವನ್ನೇ ನೋಡುತ್ತಿದ್ದರು. ಒಂದು ಕಡೆ ಅಪ್ಪನ ಕತ್ತು ತಾನಾಗಿ ಮೇಲೆದ್ದಿತು. ಅಲ್ಲಿಂದ ನಾಟಕದ ಮಟ್ಟು ಹಿಡಿದರು. ಎರಡನೆಯ ಸುತ್ತಿಗೆ ಅಪ್ಪ ಹಾಡಿದ. ಗಂಟಲು ಒಡೆದಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು, ಆದರೆ ಪದ್ಯದ ಸಾಲು ಪದ ಪದವಾಗಿ ಬಂತು. ಅವ್ವ ಸೆರಗು ಬಾಯಿಗೊತ್ತಿಕೊಂಡಳು. ನಾನು ರೆಕಾರ್ಡ್ ಮಾಡಲು ಫೋನ್ ತೆಗೆದೆ.

ಅಷ್ಟರಲ್ಲಿ ಮೇಡಂ ನುಡಿಸುವುದನ್ನು ನಿಲ್ಲಿಸಿಬಿಟ್ಟರು.

ನನಗೆ ಸಿಟ್ಟೇ ಬಂತು. ಎರಡು ತಿಂಗಳ ಮೇಲೆ ಬಂದ ದನಿಯನ್ನು ಹೀಗೆ ತಡೆಯುವುದೇ? ಅವರು ಮೆಲ್ಲಗೆ ಹೇಳಿದರು: “ಹಾಡು ಇವರನ್ನ ಬಿಟ್ಟು ಹೋಗೇ ಇರಲಿಲ್ಲ. ಮಾತು ಹೋಗಿತ್ತು. ಈ ಪದ್ಯ ಹೇಳಿದ್ರೆ ಇವರಿಗೆ ನೀರು ಸಿಗುತ್ತಾ?”

ಆ ಮೇಲೆ ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ಯಾರಿಸ್‌ನಲ್ಲಿ 1861ರಲ್ಲಿ ಬ್ರೋಕಾ ಎಂಬ ವೈದ್ಯ ನೋಡಿದ ರೋಗಿಯೊಬ್ಬ ಏನು ಕೇಳಿದರೂ ‘ತಾನ್’ ಎನ್ನುತ್ತಿದ್ದನಂತೆ, ಅಪ್ಪನ ‘ತೊ’ ಇದ್ದ ಹಾಗೆ. ಅವನು ಸತ್ತ ಮೇಲೆ ನೋಡಿದರೆ ಮಿದುಳಿನ ಎಡಭಾಗದ ಮುಂಬದಿ ಹಾಳಾಗಿತ್ತು. ಮಾತು ಜೋಡಿಸಿ ಆಡುವ ಕೆಲಸ ಹೆಚ್ಚಾಗಿ ನಡೆಯುವುದು ಅಲ್ಲಿ. ಹಾಡಿಗೆ ಬಲಭಾಗವೂ ದುಡಿಯುತ್ತದೆ. ಆದ್ದರಿಂದಲೇ ಮಾತು ನಿಂತವರ ಬಾಯಲ್ಲಿ ಹಾಡು ಉಳಿದಿರುವುದುಂಟು. ಅದನ್ನೇ ಹಿಡಿದು 1973ರಲ್ಲಿ ಬಾಸ್ಟನ್‌ನ ತಜ್ಞರು ಮೆಲೋಡಿಕ್ ಇಂಟೊನೇಶನ್ ಥೆರಪಿ ಎಂಬ ಕ್ರಮವನ್ನು ಮುಂದಿಟ್ಟರು. ದಿನಬಳಕೆಯ ಚಿಕ್ಕ ಮಾತನ್ನು ಎರಡೇ ಸ್ವರದಲ್ಲಿ, ಒಂದು ಮೇಲೆ ಒಂದು ಕೆಳಗೆ, ಎಳೆದು ಹಾಡಿಸುವುದು. ಒಂದೊಂದು ಅಕ್ಷರಕ್ಕೂ ರೋಗಿಯ ಎಡಗೈ ಹಿಡಿದು ಮೇಜಿನ ಮೇಲೆ ಒಂದೊಂದು ತಟ್ಟು. ಮೊದಲು ಗುನುಗು, ಆಮೇಲೆ ಜೊತೆಯಲ್ಲಿ ಹಾಡು, ಆಮೇಲೆ ನಡುವಿನಲ್ಲಿ ಚಿಕಿತ್ಸಕರು ದನಿ ಬಿಟ್ಟುಬಿಡುವುದು, ಕಡೆಗೆ ಆ ಎರಡು ಸ್ವರವನ್ನೂ ಕಳಚಿ ಬರೀ ಮಾತು ಉಳಿಸುವುದು. ಕೆಲಸ ಮಾಡುವುದು ಸ್ವರವೋ, ತಾಳವೋ, ಬಾಯಿಪಾಠದ ಬಲವೋ ಎಂದು ಸಂಶೋಧಕರಲ್ಲಿ ಇನ್ನೂ ಚರ್ಚೆ ನಡೆದಿದೆ. ಎಲ್ಲರಿಗೂ ಇದು ಒದಗುವುದಿಲ್ಲ, ಅಪ್ಪನ ಹಾಗೆ ಅರ್ಥವಾಗಿಯೂ ಆಡಲಾರದವರಿಗೆ ಹೆಚ್ಚು ಹೊಂದುತ್ತದೆ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆಯಿಂದಲೇ ನನಗೆ ಅವರ ಮೇಲೆ ನಂಬಿಕೆ ಹುಟ್ಟಿತು.

ಅಮೆರಿಕದಲ್ಲಿ ಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಸಂಗೀತಗಾರರು ಆಸ್ಪತ್ರೆಗಳಲ್ಲಿ ನುಡಿಸುತ್ತಿದ್ದರಂತೆ. ಚೆನ್ನಾಗಿ ನುಡಿಸಿದರೆ ಸಾಲದು, ಇದಕ್ಕೆ ಬೇರೆಯೇ ತರಬೇತಿ ಬೇಕು ಎಂಬುದು ಅಲ್ಲಿ ಮನವರಿಕೆಯಾಯಿತು. ಮಿಷಿಗನ್‌ನಲ್ಲಿ 1944ರಲ್ಲೇ ಸಂಗೀತ ಚಿಕಿತ್ಸೆಗೊಂದು ಪದವಿ ಕೋರ್ಸು ಶುರುವಾಯಿತು. ಮೇಡಂ ಕೈಯನ್ನು ನೋಡುತ್ತ ಆ ತರಬೇತಿ ಏನೆಂದು ನನಗೆ ಅಂದು ಅರ್ಥವಾಯಿತು. ಕಛೇರಿ ಕೊಡುವವರು ತಮ್ಮ ಹಾಡು ಕೇಳಲಿ ಎಂದು ಕೂರುತ್ತಾರೆ. ಇವರು ತಮ್ಮ ದನಿಯನ್ನು ಯಾವಾಗ ತೆಗೆಯಬೇಕು ಎಂದು ಕಾಯುತ್ತ ಕೂತಿದ್ದರು.

“ನೀರು ಬೇಕು” ಎಂದು ಮೇಡಂ ಶುರು ಮಾಡಿದರು. ನೀ ಮೇಲೆ, ರು ಕೆಳಗೆ. ಅಪ್ಪ ಗುನುಗಿದ, ಪದ ಹೊರಡಲಿಲ್ಲ. ನಾಲ್ಕು ಸಲ, ಐದು ಸಲ. ಬೆವರು ಇಳಿಯುತ್ತಿತ್ತು. ಮೇಡಂ ಅವ್ವನ ಕಡೆ ತಿರುಗಿದರು: “ಮನೇಲಿ ನೀರು ಹೆಂಗೆ ಕೇಳ್ತಿದ್ರಮ್ಮ?”

ಅವ್ವ ಯೋಚಿಸಲೇ ಇಲ್ಲ. “ಇನ್ನೆಂಗೆ, ‘ವಸಿ ನೀರ್ ಕೊಡಮ್ಮಿ’ ಅಂತಿದ್ರು.”

ಮೇಡಂ ಮುಖ ಅರಳಿತು. ಅಪ್ಪನ ಎಡಗೈಯನ್ನು ಮತ್ತೆ ಹಿಡಿದುಕೊಂಡರು. “ಯಜಮಾನ್ರೇ, ನನ್ ಬಾಯಿ ನೋಡಿ.” ವ ಸಿ ನೀರ್, ಕೊ ಡಮ್ ಮಿ. ಆರು ತಟ್ಟು. ಮೂರನೆಯ ಸಲಕ್ಕೆ ಅಪ್ಪನ ತುಟಿ ‘ವ’ಕ್ಕೆ ಕೂಡಿತು. ಆಮೇಲೆ ‘ವಸಿ’. ಮುಕ್ಕಾಲು ಗಂಟೆಯ ಕೊನೆಗೆ ಇಬ್ಬರೂ ಜೊತೆಯಲ್ಲಿ ಇಡೀ ಮಾತು ಆಡಿದರು. ಮೇಡಂ ದನಿ ಬಿಟ್ಟಾಗ ಅಪ್ಪ ‘ನೀರ್’ವರೆಗೆ ಒಬ್ಬನೇ ಬಂದು ನಿಂತ. ಹಾಡಿದಾಗ ಇದ್ದ ದನಿಯಲ್ಲ ಅದು, ತಡವರಿಸುವ ದನಿ. ನಾನು ಫೋನ್ ತೆಗೆಯಲಿಲ್ಲ.

ಹೊರಡುವಾಗ ಅವ್ವನಿಗೆ ಒಂದೇ ಮಾತು ಹೇಳಿದರು: “ಅವರು ಮುಗಿಸೋ ಮುಂಚೆ ಕೊಡಬೇಡಿ. ಕಷ್ಟ ಆಗುತ್ತೆ. ಆದ್ರೂ ಕಾಯಿರಿ.”

ಊರಿಗೆ ವಾಪಸು ಬರುವಾಗ ರಾಮನಗರ ದಾಟಿದ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ತಟ್ಟುವ ಸದ್ದು ಕೇಳಿಸಿತು. ಅಪ್ಪ ಅವ್ವನ ಮಂಡಿಯ ಮೇಲೆ ಎಡಗೈ ಆಡಿಸುತ್ತಿದ್ದ. “ವ... ಸಿ...” ಅವ್ವ ಬಾಟಲಿಯ ಮುಚ್ಚಳ ತಿರುಗಿಸಿ ತೆಗೆದಳು. “ನೀರ್...” ಕೈ ಮೇಲೆದ್ದು ಅಲ್ಲೇ ನಿಂತಿತು. ಐವತ್ತು ವರ್ಷ ಅವನು ಕೇಳಿ ಮುಗಿಸುವ ಮುಂಚೆಯೇ ಲೋಟ ತಂದಿಟ್ಟವಳು ಅವಳು. ಬಾಟಲಿಯನ್ನು ಎದೆಗೆ ಒತ್ತಿ ಹಿಡಿದು, ಅವನ ತುಟಿಯನ್ನೇ ನೋಡುತ್ತ ಕೂತಿದ್ದಳು. ನಾನು ಕಾರನ್ನು ನಿಧಾನ ಮಾಡಿ ಎಡಕ್ಕೆ ತೆಗೆದುಕೊಂಡೆ.

“ಕೊ...” ಎಂದ ಅಪ್ಪ.