ಬಲಗಡೆ ಸ್ಪೀಕರ್ ಹೋದ ಕಥೆ
ಗಣೇಶನ ಹಬ್ಬದ ಸಂಜೆ ನನ್ನ ಕಂಪ್ಯೂಟರಿನ ಬಲಗಡೆ ಸ್ಪೀಕರ್ ಪರಪರ ಅನ್ನತೊಡಗಿತು. ಆಫ್ ಮಾಡಿ, ಸ್ಪೀಕರಿನ ಕೋನ್ ಅನ್ನು, ಅಂದ್ರೆ ಅದುರಿ ಸದ್ದು ಮಾಡುವ ಮುಂದಿನ ಭಾಗವನ್ನು, ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಒಳಗೆ ಕಾಯಿಲ್ (ಕೋನ್ ಅದುರಿಸುವ ತಂತಿಯ ಸುರುಳಿ) ಉಜ್ಜುವ ಸದ್ದು. ಹೋಯ್ತು!

ತಪ್ಪು ನನ್ನದೇ. ವಾಲ್ಯೂಮ್ ಫುಲ್ ಇಟ್ಟು, ಈಕ್ವಲೈಜರ್‌ನಲ್ಲಿ ಬಾಸ್ (ಗಡಸು, ತಗ್ಗು ಸ್ವರ) ಬೇರೆ 12 ಡೆಸಿಬಲ್ ಏರಿಸಿದ್ದೆ. ಪ್ರತಿ 3 ಡೆಸಿಬಲ್ ಏರಿಸಲು ಪವರ್ ಎರಡು ಪಟ್ಟು ಬೇಕು. 12 ಅಂದ್ರೆ ಸುಮಾರು 16 ಪಟ್ಟು. ಒಳಗಿನ ಪುಟ್ಟ ಆಂಪ್ಲಿಫೈಯರ್ ಎಲ್ಲಿಂದ ತರಬೇಕು ಪಾಪ? ಪವರ್ ಸಾಲದೆ ಸದ್ದಿನ ಅಲೆಯ ತಲೆ ಕತ್ತರಿಸಿ ಕಳಿಸುತ್ತದೆ, ಕಾಯಿಲ್ ಕಾದು ಸುಡುತ್ತದೆ. ಡಬ್ಬದ ಮೇಲೆ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಪವರ್) ಅಂತ ಸಾವಿರಗಟ್ಟಲೆ ವ್ಯಾಟ್ ಬರೆದಿರುತ್ತಾರಲ್ವಾ, ಅದು ಸುಮ್ನೆ. ಆರ್‌ಎಂಎಸ್, ಅಂದ್ರೆ ಸತತವಾಗಿ ತಡೆಯುವ ಪವರ್, ನೋಡಿ.

ಈಗ ಹೊಸ ಜೋಡಿ ಬಂದಿದೆ. ಬಾಸ್ ಸೊನ್ನೆಯಲ್ಲಿದೆ. ಸದ್ದು ಒಡೆದಂತೆ ಕೇಳಿದರೆ ತಕ್ಷಣ ಇಳಿಸುತ್ತೇನೆ. ಅಣ್ಣನ ಮಗ ಬಂದಾಗ ಮಾತ್ರ ರಿಮೋಟ್ ಬಚ್ಚಿಡುತ್ತೇನೆ.