ಬುಡದ ಕಲ್ಲಿನ ಉಪ್ಪು

18 ಜನವರಿ 2025, ಶನಿವಾರ
ಲಕ್ಸರ್, ನೈಲ್ ನದಿಯ ಪಶ್ಚಿಮ ದಂಡೆ

ಇವತ್ತು ದೇವಾಲಯದ ಗೋಡೆಯ ಬುಡದ ಎರಡು ಸಾಲು ಕಲ್ಲಿಗೆ ಪಟ್ಟು, ಅಂದರೆ ಕಲ್ಲೊಳಗಿನ ಉಪ್ಪನ್ನು ಹೀರಿಕೊಳ್ಳುವ ಒದ್ದೆ ಲೇಪ, ಹಾಕುವ ಕೆಲಸ. ಇದಕ್ಕೆ ಚಳಿಗಾಲವೇ ಸರಿ. ಏಪ್ರಿಲ್ ಕಳೆದ ಮೇಲಿನ ಬಿಸಿಲಿಗೆ ಒದ್ದೆ ಪಟ್ಟು ಬೇಗ ಒಣಗಿ ಬಿರುಕು ಬಿಟ್ಟು ಉದುರುತ್ತದೆ, ಉಪ್ಪು ಕಲ್ಲಲ್ಲೇ ಉಳಿಯುತ್ತದೆ.

ಇಲ್ಲಿನ ದೊಡ್ಡ ದೇವಾಲಯಗಳ ಮರಳುಗಲ್ಲು ಬಹುಪಾಲು ದಕ್ಷಿಣದ ಗೆಬೆಲ್ ಎಲ್-ಸಿಲ್ಸಿಲಾ ಗಣಿಗಳಿಂದ ದೋಣಿಯಲ್ಲಿ ಬಂದದ್ದು. ಫೇರೋ ಮೂರನೆಯ ರಾಮ್ಸೆಸ್ ಕಟ್ಟಿಸಿದ ಮೆದಿನೆತ್ ಹಾಬು ದೇವಾಲಯ ಕೂಡ ಅದೇ ಕಲ್ಲಿನದು. ಮೂರು ಸಾವಿರ ವರ್ಷ ನಿಂತ ಕಲ್ಲು ಈಚೆಗೆ ಬುಡದಲ್ಲಿ ಹಿಟ್ಟಾಗಿ ಉದುರುತ್ತಿದೆ. ಬೈಯುವುದಾದರೆ ಎಲ್ಲರೂ 1970ರಲ್ಲಿ ಮುಗಿದ ಆಸ್ವಾನ್ ಹೈ ಡ್ಯಾಮನ್ನು ಬೈಯುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಹಿಂದೆ ವರ್ಷಕ್ಕೊಮ್ಮೆ ಪ್ರವಾಹ ಬಂದು ನೆಲದ ಉಪ್ಪನ್ನು ತೊಳೆದುಕೊಂಡು ಹೋಗುತ್ತಿತ್ತು, ಆಮೇಲೆ ತಿಂಗಳುಗಟ್ಟಲೆ ಅಂತರ್ಜಲ ಕೆಳಗಿಳಿದಿರುತ್ತಿತ್ತು. ಈಗ ಕಬ್ಬಿನ ಗದ್ದೆಗೆ ವರ್ಷವಿಡೀ ನೀರು, ಜೊತೆಗೆ ಊರಿನ ಕೊಳಚೆ. ಆದರೆ ಹಳೆಯ ಪ್ರವಾಹವೇನೂ ಸಾಧುವಾಗಿರಲಿಲ್ಲ. ಡ್ಯಾಮಿಗೆ ಎಷ್ಟೋ ಮೊದಲೇ, 1899ರಲ್ಲಿ, ಕಾರ್ನಾಕ್‌ನ ಕಂಬಗಳ ಸಭಾಂಗಣದಲ್ಲಿ 11 ಕಂಬಗಳು ಉರುಳಿಬಿದ್ದಿದ್ದವು.

ಕಾರ್ನಾಕ್ ಮತ್ತು ಲಕ್ಸರ್ ದೇವಾಲಯಗಳ ಸುತ್ತ 2006ರಿಂದ ಅಂತರ್ಜಲ ಇಳಿಸುವ ವ್ಯವಸ್ಥೆ ಇದೆ, ನಂತರ ಈ ದಂಡೆಗೂ ಬಂತು. ನೀರು ಇಳಿಯದೆ ಉಪ್ಪು ತೆಗೆಯುವುದು ವ್ಯರ್ಥ: ಈ ಕಡೆ ತೆಗೆದಷ್ಟು ಆ ಕಡೆಯಿಂದ ಏರುತ್ತದೆ. ಆದರೆ ನೀರು ಇಳಿದ ಕೂಡಲೇ ಗೋಡೆ ಚೇತರಿಸಿಕೊಳ್ಳುವುದಿಲ್ಲ. ಕಲ್ಲು ಒಣಗುತ್ತಾ ಬಂದಂತೆ ಅದರೊಳಗೆ ಕರಗಿದ್ದ ಉಪ್ಪೆಲ್ಲ ಹರಳುಗಟ್ಟುತ್ತದೆ, ಕೆಲವು ವರ್ಷ ಉದುರುವಿಕೆ ಹೆಚ್ಚೇ ಆಗುತ್ತದೆ. ಪಟ್ಟಿನ ಕೆಲಸ ಬೀಳುವುದು ಈ ಹಂತದಲ್ಲಿ.

ಹೊರಗೆ ಕಾಣುವ ಬಿಳಿ ಉಪ್ಪಿನ ಪುಡಿ ಅಷ್ಟು ಅಪಾಯದ್ದಲ್ಲ. ಮೆತ್ತನೆ ಬ್ರಷ್‌ನಿಂದ ಒಣಗಿದ್ದಾಗಲೇ ಗುಡಿಸಿ ತಟ್ಟೆಗೆ ಹಿಡಿಯಬೇಕು. ನೆಲಕ್ಕೆ ಬಿದ್ದರೆ ಮತ್ತೆ ಕರಗಿ ಗೋಡೆಗೇ ಏರುತ್ತದೆ. ಕಲ್ಲನ್ನು ಒಡೆಯುವುದು ಮೇಲ್ಮೈಗಿಂತ ಕೆಲವು ಮಿಲಿಮೀಟರ್ ಒಳಗೆ ಹರಳುಗಟ್ಟುವ ಉಪ್ಪು. ಅಡುಗೆ ಉಪ್ಪು ಗಾಳಿಯ ತೇವ ಸುಮಾರು 75 ಪ್ರತಿಶತ ದಾಟಿದರೆ ಕರಗುತ್ತದೆ, ಇಳಿದರೆ ಹರಳಾಗುತ್ತದೆ. ಸೋಡಿಯಂ ಸಲ್ಫೇಟ್ ಇನ್ನೂ ಕೆಟ್ಟದ್ದು, ನೀರು ಹಿಡಿದು ಹರಳಾದಾಗ ಮೂರು ಪಟ್ಟಿಗೂ ಮಿಕ್ಕಿ ಉಬ್ಬುತ್ತದೆ. ಯಾವ ಉಪ್ಪು ಎಂದು ಪರೀಕ್ಷಾ ಪಟ್ಟಿಗಳಲ್ಲಿ ಮೊದಲು ನೋಡಿಕೊಳ್ಳಬೇಕು. ನೈಟ್ರೇಟ್ ಜಾಸ್ತಿ ಬಂದರೆ ಕೊಳಚೆಯ ಮೇಲೋ ಬಾವಲಿ ಹಿಕ್ಕೆಯ ಮೇಲೋ ಅನುಮಾನ. ಮಾದರಿಯನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ, ಎಲ್ಲ ಪರೀಕ್ಷೆಯೂ ಈಜಿಪ್ಟಿನಲ್ಲೇ ಆಗಬೇಕು.

ಮುಟ್ಟುವ ಮೊದಲು ದಾಖಲೆ. ಓರೆ ಬೆಳಕಿನಲ್ಲಿ ಫೋಟೊ, ಸಡಿಲ ಪದರಗಳ ನಕ್ಷೆ. ಮೆದಿನೆತ್ ಹಾಬುವಿನಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಶಾಸನ ಸಮೀಕ್ಷೆ 1924ರಲ್ಲೇ ಕೆಲಸ ಶುರು ಮಾಡಿತು. ಅವರದು ದೊಡ್ಡ ಫೋಟೊದ ಮೇಲೆಯೇ ಪೆನ್ಸಿಲಿನಲ್ಲಿ ರೇಖೆ ಎಳೆದು, ಶಾಯಿ ತುಂಬಿ, ಕೊನೆಗೆ ರಾಸಾಯನಿಕದಿಂದ ಫೋಟೊವನ್ನೇ ಅಳಿಸಿ ರೇಖೆ ಉಳಿಸಿಕೊಳ್ಳುವ ಪದ್ಧತಿ. ಆಮೇಲೆ ಶಾಸನತಜ್ಞರು ಒಬ್ಬರಾದ ಮೇಲೊಬ್ಬರು ಗೋಡೆಯೆದುರು ನಿಂತು ಪ್ರತಿ ಗೆರೆಯನ್ನೂ ತಾಳೆ ನೋಡುತ್ತಾರೆ. ನಿಧಾನ ಅಂದರೆ ನಿಧಾನ. ಆದರೆ ಬುಡದ ಸಾಲುಗಳಲ್ಲಿ ಏನೇನು ಹೋಗಿದೆ ಎಂದು ಇವತ್ತು ಖಚಿತವಾಗಿ ಹೇಳಲು ಇಂಥ ದಾಖಲೆಗಳಷ್ಟು ನೆರವಾಗುವುದು ಬೇರೊಂದಿಲ್ಲ.

ಬಣ್ಣ ಉಳಿದಿರುವ ಕಡೆ ಪಟ್ಟು ಬೇಡ. ಆಗಿನ ಬಣ್ಣಕ್ಕೆ ಅಂಟು ಮರದ ಗೋಂದು ಅಥವಾ ಪ್ರಾಣಿಜನ್ಯ ಸರೇಸು, ಎರಡೂ ನೀರಿಗೆ ಬಿಡುತ್ತವೆ. ಮೂಲೆಯಲ್ಲಿ ಒದ್ದೆ ಹತ್ತಿಕಡ್ಡಿ ಉರುಳಿಸಿ ನೋಡಿ, ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಮಿಶ್ರಣ: ತೂಕದಲ್ಲಿ ಕಾಗದದ ತಿರುಳು 1, ಕೆಯೊಲಿನ್ ಜೇಡಿ 1, ತೊಳೆದು ಒಣಗಿಸಿದ ಸಣ್ಣ ಮರಳು 4. ಮೂರಕ್ಕೂ ಬೇರೆ ಬೇರೆ ಕೆಲಸ. ಒಣಗುವಾಗ ನೀರು ದೊಡ್ಡ ರಂಧ್ರದಿಂದ ಸಣ್ಣ ರಂಧ್ರದ ಕಡೆ ಹರಿಯುತ್ತದೆ, ಆದ್ದರಿಂದ ಪಟ್ಟಿನಲ್ಲಿ ಕಲ್ಲಿಗಿಂತ ಸಣ್ಣ ರಂಧ್ರಗಳು ಇರಲೇಬೇಕು. ಅದನ್ನು ಕೊಡುವುದು ಜೇಡಿ. ಬರೀ ಜೇಡಿಯಾದರೆ ಕುಗ್ಗಿ ಕಳಚಿಕೊಳ್ಳುತ್ತದೆ. ಕುಗ್ಗದಂತೆ ತಡೆಯಲು ಮರಳು, ನೀರು ಹಿಡಿದಿಟ್ಟು ಗೋಡೆಗೆ ಅಂಟಿ ನಿಲ್ಲಲು ತಿರುಳು. ಬರೀ ತಿರುಳು ಹಚ್ಚಿ ಉಪ್ಪು ಬರಲಿಲ್ಲ ಎನ್ನುವವರು ಕಲ್ಲಿನ ರಂಧ್ರ ಎಷ್ಟು ಸಣ್ಣದೆಂದು ನೋಡಿರುವುದಿಲ್ಲ.

ನೀರು ಡಿಅಯೊನೈಸ್ಡ್, ಅಂದರೆ ಕರಗಿದ ಉಪ್ಪುಗಳನ್ನು ತೆಗೆದದ್ದು, ಆಗಿರಬೇಕು. ನಲ್ಲಿ ನೀರು ತನ್ನ ಉಪ್ಪನ್ನೂ ತರುತ್ತದೆ. ಮುಷ್ಟಿಯಲ್ಲಿ ಹಿಂಡಿದರೆ ತೊಟ್ಟಿಕ್ಕಬಾರದು, ಗೋಡೆಗೆ ಒತ್ತಿದರೆ ಜಾರಬಾರದು. ಕಲ್ಲಿನ ಮೇಲೆ ಮೊದಲು ತೆಳ್ಳನೆಯ ಜಪಾನಿ ಕಾಗದ, ಅದರ ಮೇಲೆ 1ರಿಂದ 2 ಸೆಂಟಿಮೀಟರ್ ದಪ್ಪಕ್ಕೆ ಪಟ್ಟು, ಗಾಳಿ ಸಿಕ್ಕಿಕೊಳ್ಳದಂತೆ ಅಂಗೈಯಿಂದ ಒತ್ತುತ್ತಾ. ಪಟ್ಟಿಗೆ ಮುಂಚೆ ಕಲ್ಲಿಗೆ ನೀರು ಧಾರಾಳವಾಗಿ ಚಿಮುಕಿಸಿದರೆ ಉಪ್ಪು ಇನ್ನೂ ಒಳಕ್ಕೆ ಸರಿಯುತ್ತದೆ, ಹೊಸಬರು ಎಡವುವುದು ಇಲ್ಲೇ. ಮೊದಲ ಎರಡು ಮೂರು ದಿನ ಬಿಸಿಲಿಗೆ ಬಟ್ಟೆಯ ಮರೆ ಸಾಕು, ಆಮೇಲೆ ತಾನಾಗಿ ಒಣಗಬೇಕು.

ಇನ್ಸ್‌ಪೆಕ್ಟರ್ (ಪುರಾತತ್ವ ಇಲಾಖೆಯವರು) ಸಹಿ ಆಯಿತು, ಮಧ್ಯಾಹ್ನಕ್ಕೆ ಕೆಲಸ ಮುಗಿಯಿತು.

8 ಫೆಬ್ರವರಿ 2025, ಶನಿವಾರ

ಪಟ್ಟು ಪೂರ್ತಿ ಒಣಗಿದೆ. ಮರದ ಸ್ಪ್ಯಾಟುಲಾದಿಂದ ಕಾಗದ ಸಮೇತ ಎಬ್ಬಿಸಿದ್ದಾಯಿತು. ಗೋಡೆಯ ಪ್ರತಿ ಚೌಕದ ಒಣ ಪಟ್ಟಿನಿಂದ 1 ಗ್ರಾಂ ಪುಡಿ, 100 ಮಿಲಿಲೀಟರ್ ಡಿಅಯೊನೈಸ್ಡ್ ನೀರು, ಕಲಕಿ ಸೋಸಿ ವಾಹಕತೆ ಮೀಟರ್‌ನಲ್ಲಿ ಅಳತೆ. ಉಪ್ಪು ಹೆಚ್ಚಿದಷ್ಟೂ ಅಂಕಿ ಹೆಚ್ಚು. ಬಳಸದ ಮಿಶ್ರಣವನ್ನೂ ಹೀಗೇ ಅಳೆದು ಆ ಅಂಕಿಯನ್ನು ಕಳೆಯಬೇಕು. ಇದನ್ನು ಬಿಟ್ಟ ವರದಿಗಳನ್ನು ನಂಬುವುದು ಕಷ್ಟ.

ಕೆಳಸಾಲಿನ ಅಂಕಿ ಮೇಲಿನದಕ್ಕಿಂತ ಕಡಿಮೆ. ಇದು ನಿರೀಕ್ಷಿತವೇ: ಏರಿದ ನೀರು ಆವಿಯಾಗುವ ಎತ್ತರದಲ್ಲೇ ಉಪ್ಪು ಕೂಡಿಕೊಳ್ಳುತ್ತದೆ. ಆದರೆ ಹಳೆಯ ಸಿಮೆಂಟ್ ತೇಪೆಯ ಪಕ್ಕದ ಚೌಕ ಎಲ್ಲಕ್ಕಿಂತ ಜಾಸ್ತಿ ತೋರಿಸಿತು. ಸಿಮೆಂಟ್ ಉಸಿರಾಡುವುದಿಲ್ಲ, ನೀರು ಅದನ್ನು ಸುತ್ತಿ ಪಕ್ಕದ ಕೆತ್ತನೆಯ ಮೂಲಕವೇ ಹೊರಬೀಳುತ್ತದೆ. ಮೇಲಾಗಿ ಸಿಮೆಂಟಿನಲ್ಲೇ ಕರಗುವ ಉಪ್ಪುಗಳಿವೆ. ಸಡಿಲ ಕಲ್ಲನ್ನು ಈಥೈಲ್ ಸಿಲಿಕೇಟ್‌ನಿಂದ ಗಟ್ಟಿ ಮಾಡೋಣ ಎಂಬ ಮಾತು ಬಂತು. ಇಷ್ಟು ಉಪ್ಪು ಇರುವಾಗ ಅದು ಬೇಡ, ಮೇಲೆ ಗಟ್ಟಿ ಸಿಪ್ಪೆ ಕಟ್ಟಿ ಒಳಗಿನಿಂದ ಹಪ್ಪಳದಂತೆ ಏಳುತ್ತದೆ. ಮೊದಲು ಸಿಮೆಂಟನ್ನು ಸಣ್ಣ ಉಳಿಯಿಂದ ಬಿಡಿಸಿ ಸುಣ್ಣ-ಮರಳಿನ ಗಾರೆ ತುಂಬಬೇಕು, ಅದು ಕಲ್ಲಿಗಿಂತ ಮೆತ್ತಗಿರಬೇಕು. ಎರಡನೆಯ ಸುತ್ತಿನ ಪಟ್ಟು ಆಮೇಲೆ, ಮೇಲಿನ ಸಾಲಿಗೆ ಮಾತ್ರ.