ಗುಜರಿಗೆ ಹಾಕಿದ ಕ್ಯಾಲಿಪರ್

ಹೆಬ್ಬಾಳು ಟೋಲ್‌ನಲ್ಲಿ ಮುಂದಿದ್ದ ಲಾರಿ ಹೋಯಿತು, ನಾನು ಬ್ರೇಕಿನಿಂದ ಕಾಲು ತೆಗೆದೆ, ಕಾರು ಜರುಗಲಿಲ್ಲ. ಆಕ್ಸಿಲರೇಟರ್ ಒತ್ತಿದರೆ ಯಾರೋ ಹಿಂದಿನಿಂದ ಸೆರಗು ಹಿಡಿದುಕೊಂಡ ಹಾಗೆ. ಹೇಗೋ ಟೋಲ್ ದಾಟಿಸಿ ಪಕ್ಕಕ್ಕೆ ನಿಲ್ಲಿಸಿದೆ. ಇಳಿದರೆ ಸುಟ್ಟ ವಾಸನೆ, ಎಡಗಡೆ ಮುಂದಿನ ಚಕ್ರದ ಹತ್ತಿರ ಕೈ ಒಡ್ಡಿದರೆ ಒಲೆ ಮುಂದೆ ಕೂತಂಥ ಝಳ. ಆರಿಸೋಣ ಅಂತ ನೀರಿನ ಬಾಟಲಿ ಮುಚ್ಚಳ ತೆಗೆದಿದ್ದೆ. ಅಲ್ಲೇ ಟೈರು ಬಡಿದು ನೋಡುತ್ತಿದ್ದ ಲಾರಿ ಡ್ರೈವರ್ ಕೂಗಿದ: "ಅಕ್ಕಾರ, ನೀರು ಹಾಕಬ್ಯಾಡ್ರಿ, ಡಿಸ್ಕ್ ಸೊಟ್ಟ ಆಗ್ತೈತಿ. ತಾನಾ ಆರ್ಲಿ ಬಿಡ್ರಿ."

ಮುಕ್ಕಾಲು ಗಂಟೆ ಕೂತೆ. ಚಿತ್ರದುರ್ಗದ ದೊಡ್ಡಪೇಟೆಯಲ್ಲಿ ಅವ್ವ ಊಟಕ್ಕೆ ಕಾಯುತ್ತಿದ್ದಳು, ಎರಡು ಸಲ ಫೋನ್ ಮಾಡಿದಳು. ಆಮೇಲೆ ನಿಧಾನಕ್ಕೆ ಗಾಡಿ ತಿರುಗಿಸಿಕೊಂಡು ದಾವಣಗೆರೆಗೇ ವಾಪಸ್.

ನನ್ನ ಪರಿಚಯ ಇಷ್ಟು: ಚೌಕಿಪೇಟೆಯಲ್ಲಿ ಟೈಲರಿಂಗ್ ಸಾಮಾನಿನ ಅಂಗಡಿ. ಲೈನಿಂಗ್, ಫಾಲ್ಸ್, ಜಿಪ್, ಹುಕ್, ಎಲಾಸ್ಟಿಕ್. ಕಾರು 2011ರ ಪೆಟ್ರೋಲ್ ಗಾಡಿ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಹದಿನೈದು ದಿನಕ್ಕೊಮ್ಮೆ ತವರಿಗೆ ಹೋಗಿಬರಲು ಅದು ಬೇಕು.

ನಮ್ಮ ಖಾಯಂ ಮೇಸ್ತ್ರಿ ಆ ವಾರ ಮಗಳ ಮದುವೆಗೆ ಊರಿಗೆ ಹೋಗಿದ್ದರು. ಪಿ.ಬಿ. ರೋಡಿನ ಇನ್ನೊಂದು ಗ್ಯಾರೇಜಿಗೆ ಒಯ್ದೆ. ಚಕ್ರ ಬಿಚ್ಚಿದ ಹುಡುಗ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ: "ಕ್ಯಾಲಿಪರ್ ಹೋಗೈತೆ ಮೇಡಂ, ಚೇಂಜ್ ಮಾಡ್ಬೇಕು." ಕ್ಯಾಲಿಪರ್ ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡು ಪ್ಯಾಡಿನ ನಡುವೆ ಒತ್ತಿ ಹಿಡಿಯುವ ಬ್ರೇಕಿನ ಭಾಗ. ಗ್ಯಾರೇಜಿನ ಯಜಮಾನರು ರೇಟು ಹೇಳುವಾಗ ನನ್ನ ಕಡೆ ನೋಡಲಿಲ್ಲ. "ಸಾಹೇಬ್ರಿಗೆ ಫೋನ್ ಹಚ್ಕೊಡ್ರಿ, ಮಾತಾಡ್ತೀನಿ" ಅಂದರು. ನಮ್ಮ ಸಾಹೇಬರಿಗೆ ಸ್ಟೆಪ್ನಿ ಎಲ್ಲಿದೆ ಅನ್ನುವುದೂ ಗೊತ್ತಿಲ್ಲ. ನನಗೇ ಹೇಳಿ ಅಂದೆ. ಕಂಪನಿ ಹೊಸದು 4,300. ಬೆಂಗಳೂರಿನ ಜೆ.ಸಿ. ರೋಡಿನಿಂದ ತರಿಸುವ ರೀಕಂಡೀಷನ್ ಪೀಸು, ಅಂದರೆ ಹಳೇದನ್ನೇ ಬಿಚ್ಚಿ ಸರಿಮಾಡಿದ್ದು, ನಮ್ಮ ಹಳೆಯದನ್ನು ಕೊಟ್ಟರೆ 2,300. ಲೋಕಲ್ ಹೊಸದು 1,450, ಈಗಲೇ ಸ್ಟಾಕ್ ಇದೆ.

ನಾನು 1,450ರದ್ದು ಹಾಕಿಸಿದೆ. ಅಂಗಡಿಯವಳಾಗಿ ಇದನ್ನು ಬರೆಯಲು ನಾಚಿಕೆ. ಒಂದು ಜಿಪ್ಪಿಗೆ ಮೂರು ರೇಟು ಯಾಕೆ ಅಂತ ದಿನಾ ಗಿರಾಕಿಗಳಿಗೆ ಬಿಡಿಸಿ ಹೇಳುವವಳು ನಾನು! ಆದರೆ ಡಬ್ಬಿ ಹೊಸದು, ಬಣ್ಣ ಫಳಫಳ, "ಅದೇ ಕಬ್ಬಿಣ ಅಲ್ವಾ" ಅನ್ನಿಸಿತು. ಹಳೇ ಕ್ಯಾಲಿಪರ್ ಡಿಕ್ಕಿಯಲ್ಲಿ ಎರಡು ದಿನ ಲೊಡಲೊಡ ಅಂತಿತ್ತು, ಗುಜರಿಯವನ ತಕ್ಕಡಿಗೆ ಹಾಕಿದೆ. ನೂರು ರೂಪಾಯಿಯ ಆಸುಪಾಸು ಬಂತು. ಇಡೀ ಕಥೆಯಲ್ಲಿ ನಾನು ಮಾಡಿದ ಅತಿ ದೊಡ್ಡ ಪೆದ್ದು ಕೆಲಸ ಅದೇ.

ಒಂದು ಮಳೆಗಾಲ ಕಳೆಯಿತು. ಎಂಟನೇ ತಿಂಗಳಿಗೆ ಬ್ರೇಕ್ ಹಿಡಿದರೆ ಸ್ಟೇರಿಂಗ್ ಬಲಕ್ಕೆ ಎಳೆಯತೊಡಗಿತು, ಜೊತೆಗೆ ಕಿರ್ ಅನ್ನುವ ಸದ್ದು. ಈ ಸಲ ನಮ್ಮ ಮೇಸ್ತ್ರಿ ಊರಲ್ಲಿದ್ದರು. ಅವರ ಒಂದು ಅಭ್ಯಾಸ ನನಗೆ ಇಷ್ಟ, ಬಿಚ್ಚಿದ್ದನ್ನೆಲ್ಲ ಹಳೇ ಪೇಪರ್ ಮೇಲೆ ಸಾಲಾಗಿ ಇಟ್ಟು, ಕೈಯಲ್ಲಿ ಹಿಡಿದು ನೋಡಿ ಅನ್ನುತ್ತಾರೆ. ಮೊದಲು ಎರಡು ಪ್ಯಾಡು. ಹೊರಗಿನದರಲ್ಲಿ ಇನ್ನೂ ಅರ್ಧಕ್ಕಿಂತ ಹೆಚ್ಚು ಮೆಟೀರಿಯಲ್, ಒಳಗಿನದು ಹೆಚ್ಚುಕಮ್ಮಿ ತಗಡು. "ಪಿಸ್ಟನ್ ಒಂದೇ ಕಡೆ ಇರೋದು ಅಕ್ಕಾ. ಅದು ಒಳಗಿನ ಪ್ಯಾಡ್ ಒತ್ತುತ್ತೆ, ಆಗ ಕ್ಯಾಲಿಪರ್ರೇ ಈ ಎರಡು ಪಿನ್ ಮೇಲೆ ಸರಿದು ಹೊರಗಿಂದನ್ನ ಎಳ್ಕೊಬೇಕು. ಪಿನ್ ಹಿಡ್ಕೊಂಡ್ರೆ ಒಳಗಿಂದೊಂದೇ ದುಡಿಯುತ್ತೆ." ಒಂದು ಪಿನ್ ಕೈಯಲ್ಲಿ ಬರಲೇ ಇಲ್ಲ, ಗ್ರಿಪ್ಪರ್ ಹಾಕಿ ತಿರುಗಿಸಿ ತಿರುಗಿಸಿ ಎಳೆದರು. ಪಿನ್ನಿನ ರಬ್ಬರ್ ಟೋಪಿ ಮಡಿಕೆಯ ಉದ್ದಕ್ಕೂ ಸೀಳಿತ್ತು. ಒಳಗೆ ಗ್ರೀಸಿನ ಸುಳಿವಿಲ್ಲ, ಬರೀ ಕಂದು ಪುಡಿ.

ಆಮೇಲೆ ಗಾಳಿ ಬಿಟ್ಟು ಪಿಸ್ಟನ್ ಹೊರಗೆ ತೆಗೆದರು. ಅಂಚಿನಲ್ಲಿ ಕ್ರೋಮ್ ಎದ್ದು ಸಣ್ಣ ಸಣ್ಣ ಗುಳಿ. ಒಳಗಿನ ತೋಡಿನಿಂದ ಒಂದು ರಬ್ಬರ್ ಉಂಗುರ ಎಬ್ಬಿಸಿ ನನ್ನ ಅಂಗೈಗೆ ಹಾಕಿದರು. ದುಂಡಗಿಲ್ಲ, ಚೌಕ ಅಂಚಿನದು. ಬ್ರೇಕ್ ಬಿಟ್ಟಾಗ ಪಿಸ್ಟನ್ ಹಿಂದಕ್ಕೆ ಬರೋದು ಯಾತರಿಂದ ಅಂತ ಕೇಳಿದೆ. ಸ್ಪ್ರಿಂಗ್ ಇರುತ್ತೆ ಅಂತಲೇ ಅಂದುಕೊಂಡಿದ್ದೆ. ಇಲ್ಲವಂತೆ, ಈ ಉಂಗುರವೇ ಎಲ್ಲ. ಆಯಿಲ್ ಒತ್ತಡಕ್ಕೆ ಪಿಸ್ಟನ್ ಮುಂದೆ ಹೋಗುವಾಗ ಉಂಗುರ ಅದರ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಒತ್ತಡ ಇಳಿದರೆ ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಚಕ್ರ ಬಿಡುಗಡೆಯಾಗಲು ಅಷ್ಟು ಸಾಕು.

ಅಯ್ಯೋ, ಇದು ಎಲಾಸ್ಟಿಕ್ ವ್ಯಾಪಾರ! ಮೂವತ್ತು ವರ್ಷದಿಂದ ಎಲಾಸ್ಟಿಕ್ ಮಾರುತ್ತಿದ್ದೇನೆ. ಒಳ್ಳೆಯದು ಯಾವುದು, ಲಂಗದಲ್ಲಿ ಮೂರು ತಿಂಗಳಿಗೆ ಸಡಿಲವಾಗುವುದು ಯಾವುದು ಅಂತ ಕಣ್ಣು ಮುಚ್ಚಿ ಎಳೆದು ಹೇಳಬಲ್ಲೆ. ರಿಪೇರಿ ಕಿಟ್ಟಿನ ಹೊಸ ಉಂಗುರ ಮತ್ತು ನನ್ನ ಎಂಟು ತಿಂಗಳಿನದನ್ನು ಎರಡು ಬೆರಳಲ್ಲಿ ತಿರುಚಿ ಬಿಟ್ಟೆ. ಹೊಸದು ತಟ್ಟನೆ ತಿರುಗಿ ಕೂತಿತು. ನನ್ನದು ಸೋಮಾರಿಯ ಹಾಗೆ ಅರ್ಧ ಮರಳಿ ಯೋಚನೆ ಮಾಡುತ್ತ ನಿಂತಿತು. ಅಗ್ಗದ ಮಾಲಿನಲ್ಲಿ ದುಡ್ಡು ಉಳಿಸಿದ್ದು ಎಲ್ಲಿ ಅಂತ ಆಗ ಗೊತ್ತಾಯಿತು. ಕಬ್ಬಿಣದಲ್ಲಲ್ಲ, ರಬ್ಬರು, ಕ್ರೋಮು, ಗ್ರೀಸಿನಲ್ಲಿ. ಡಬ್ಬಿ ತೆರೆದಾಗ ಈ ಮೂರೂ ಕಣ್ಣಿಗೆ ಬೀಳುವುದಿಲ್ಲ.

ಮೇಸ್ತ್ರಿ ಕೇಳಿದ ಮುಂದಿನ ಪ್ರಶ್ನೆ ನನ್ನನ್ನು ಚುಚ್ಚಿತು. "ಮೊದಲ ಸಲ ಚಕ್ರ ಹಿಡಿದಿರೋವಾಗಲೇ ನಿಪ್ಪಲ್ ಸಡಿಲ ಮಾಡಿ ನೋಡಿದ್ರಾ ಅವ್ರು?" ಕ್ಯಾಲಿಪರ್ ಮೇಲೆ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಸ್ವಲ್ಪ ಬಿಚ್ಚಿದಾಗ ಆಯಿಲ್ ಚಿಮ್ಮಿ ಚಕ್ರ ಬಿಟ್ಟುಕೊಂಡರೆ ಒತ್ತಡ ಮೇಲುಗಡೆ ಸಿಕ್ಕಿಕೊಂಡಿದೆ ಅಂತ. ಅಂದರೆ ಆಯಿಲ್ ತರುವ ಹೋಸ್ ಪೈಪ್ ಒಳಗೆ ಉಬ್ಬಿರಬೇಕು, ಇಲ್ಲ ಪೆಡಲ್ ಒತ್ತಿದಾಗ ಆಯಿಲಿಗೆ ಒತ್ತಡ ಕೊಡುವ ಮಾಸ್ಟರ್ ಸಿಲಿಂಡರ್ ಕೆಟ್ಟಿರಬೇಕು. ಕ್ಯಾಲಿಪರ್ ಬದಲಿಸಿದರೆ ಏನೂ ಉಪಯೋಗವಿಲ್ಲ. ಬಿಚ್ಚಿದರೂ ಚಕ್ರ ಬಿಗಿಯಾಗೇ ಇದ್ದರೆ ಪಿಸ್ಟನ್ ಅಥವಾ ಪಿನ್. ನನ್ನ ಕಾರಲ್ಲಿ ಯಾರೂ ನೋಡಿರಲಿಲ್ಲ. ಪುಣ್ಯಕ್ಕೆ ಕ್ಯಾಲಿಪರ್ ಬದಲಿಸಿದ ಮೇಲೆ ಬಿಸಿ ನಿಂತಿತ್ತು, ಹಾಗಾಗಿ ಹೋಸ್ ತಪ್ಪಲ್ಲ. ಪಿನ್ನೋ ಉಂಗುರವೋ ಪಿಸ್ಟನ್ನೋ, ಇಷ್ಟೇ. ಮೂರೂ ಬಿಡಿಯಾಗಿ ಸಿಗುತ್ತವೆ.

ಬಲಗಡೆಯ ಕ್ಯಾಲಿಪರ್ ಕಂಪನಿಯಿಂದ ಬಂದದ್ದೇ, ಕಾರಿನಷ್ಟೇ ವಯಸ್ಸಿನದು. ಅದನ್ನೂ ಬಿಚ್ಚಿಸಿದೆ. ಪಿಸ್ಟನ್ ನುಣುಪಾಗಿತ್ತು. ಒಳಗಿನ ಸಿಲಿಂಡರ್ ಗೋಡೆಯಲ್ಲಿ ಚೂರು ತುಕ್ಕು ಇತ್ತು, ಆದರೆ ಉಂಗುರ ಉಜ್ಜುವುದು ಪಿಸ್ಟನ್ನಿಗೆ, ಗೋಡೆಗಲ್ಲ. ಉಂಗುರ ಕೂರುವ ತೋಡು ಶುದ್ಧವಾಗಿದ್ದರೆ ಸಾಕಂತೆ. 380 ರೂಪಾಯಿಯ ಕಿಟ್, ಪಿನ್ನಿಗೆ ಸಿಲಿಕೋನ್ ಗ್ರೀಸ್ (ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿಹೋಗುತ್ತದೆ), ಹೋಸನ್ನು ಕ್ಯಾಲಿಪರಿಗೆ ಸೇರಿಸುವ ಬ್ಯಾಂಜೊ ಬೋಲ್ಟಿಗೆ ಹೊಸ ತಾಮ್ರದ ವಾಷರ್ ಎರಡು. ಜಿಪ್ ಕೆಟ್ಟರೆ ಒಳ್ಳೇ ಟೈಲರ್ ರನ್ನರ್ ಒಂದೇ ಬದಲಿಸಿ ಕಳಿಸುವುದಿಲ್ಲವೇ, ಹಾಗೆ. ನಾನು ಗುಜರಿಗೆ ಹಾಕಿದ್ದು ಇದರ ಜೋಡಿಯನ್ನು.

ಎಡಕ್ಕೇನು ಮಾಡುವುದು? ರೀಕಂಡೀಷನ್ ಕಡೆ ಮನಸ್ಸು ವಾಲಿತ್ತು. ಮೇಸ್ತ್ರಿ ಜೆ.ಸಿ. ರೋಡಿಗೆ ಫೋನ್ ಹಚ್ಚಿ ವಿಚಾರಿಸಿದ ರೀತಿ ಕೇಳಿದ್ದರೆ ವಧುಪರೀಕ್ಷೆ ಅನ್ನುತ್ತಿದ್ದಿರಿ. ಪಿಸ್ಟನ್ ಹೊಸದು ಹಾಕಿದೀರೋ, ಹಳೇದಕ್ಕೆ ಎಮೆರಿ ತಿಕ್ಕಿದೀರೋ? ಕಿಟ್ ಯಾವ ಕಂಪನಿದು? ಸ್ಯಾಂಡ್ ಬ್ಲಾಸ್ಟ್ ಮಾಡಿ ಪ್ಲೇಟಿಂಗ್ ಮಾಡಿದೀರೋ, ಸಿಲ್ವರ್ ಪೇಂಟ್ ಹೊಡೆದಿದೀರೋ? ಒತ್ತಡ ಕೊಟ್ಟು ಲೀಕ್ ನೋಡಿದೀರೋ? ಬರೀ ಪೇಂಟ್ ಹೊಡೆದ ಪೀಸೂ ಮಾರುಕಟ್ಟೆಯಲ್ಲಿ ಉಂಟು. ಹರಿದ ಸೀರೆಗೆ ರೋಲ್ ಪಾಲಿಶ್ ಮಾಡಿಸಿ ಪ್ಯಾಕೆಟ್‌ಗೆ ಹಾಕಿದಂತೆ. ಆ ಕಡೆಯವರು ಎಲ್ಲಕ್ಕೂ ನೇರ ಉತ್ತರ ಕೊಟ್ಟರು, ಪಿಸ್ಟನ್ ಹೊಸದೇ ಅಂದರು. ಕಡೆಗೊಂದು ಮಾತು: "ಹಳೇದು ಕೊಡ್ತೀರಲ್ಲ? ಒರಿಜಿನಲ್ ಬಾಡಿ ಆಗ್ಬೇಕು. ಲೋಕಲ್ ಬಾಡಿ ನಾವ್ ತಗೊಳಲ್ಲ." ಅದಿಲ್ಲದಿದ್ದರೆ 3,500, ಜೊತೆಗೆ ಬಸ್ ಪಾರ್ಸೆಲ್ ಖರ್ಚು.

ನೂರು ರೂಪಾಯಿಗೆ ಮಾರಿದ್ದ ಕಬ್ಬಿಣದ ಬೆಲೆ 1,200 ರೂಪಾಯಿ ಅಂತ ನನಗೆ ತಿಳಿದದ್ದು ಹೀಗೆ. ಅಷ್ಟಾದ ಮೇಲೆ ಕಂಪನಿ ಹೊಸದಕ್ಕೂ ಇದಕ್ಕೂ ವ್ಯತ್ಯಾಸ ಉಳಿದದ್ದು ಎಂಟುನೂರು, ಹೊಸದಕ್ಕೇ ಹೂಂ ಅಂದೆ.

ಬೇರೆ ಹೆಸರಿನ ಡಬ್ಬಿಯೆಲ್ಲ ಅಗ್ಗದ ಮಾಲು ಅಂತ ನಾನು ಹೇಳುತ್ತಿಲ್ಲ. ಬ್ರೇಕನ್ನು ಕಾರು ಕಂಪನಿಗಳು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ, ಬ್ರೇಕ್ ತಯಾರಕರಿಂದ ತರಿಸಿಕೊಳ್ಳುತ್ತವೆ. ಆ ತಯಾರಕರು ತಮ್ಮ ಹೆಸರಿನಲ್ಲೂ ಬಿಡಿಭಾಗ ಮಾರುತ್ತಾರೆ. ಚೆನ್ನೈನ ಬ್ರೇಕ್ಸ್ ಇಂಡಿಯಾ 1962ರಲ್ಲಿ ಶುರುವಾದದ್ದು, ಅದರ ಟಿವಿಎಸ್ ಗರ್ಲಿಂಗ್ ಹೆಸರು ಹಳೇ ಮೇಸ್ತ್ರಿಗಳ ಬಾಯಲ್ಲಿ ಇವತ್ತಿಗೂ ಇದೆ. ನಾನು ತಂದದ್ದರ ಎರಕದ ಮೇಲೆ ಯಾರ ಹೆಸರೂ ಇರಲಿಲ್ಲ, ಒಂದು ನಂಬರೂ ಇರಲಿಲ್ಲ. ಅಂಟಿಸಿದ ಒಂದು ಚೀಟಿ ಮಾತ್ರ. ಥಾನಿನ ಅಂಚಿನಲ್ಲಿ ಮಿಲ್ಲಿನ ಹೆಸರಿಲ್ಲದ ಬಟ್ಟೆಯನ್ನು ನಾನು ಅಂಗಡಿಯೊಳಗೇ ಬಿಟ್ಟುಕೊಳ್ಳುವುದಿಲ್ಲ.

ಹೊಸದನ್ನು ಕೂರಿಸುವ ಮುಂಚೆ ಮೇಸ್ತ್ರಿ ವರ್ನಿಯರ್ ಹಿಡಿದು ಬಲಗಡೆಯದರ ಪಿಸ್ಟನ್ನಿಗೆ ಅಳತೆ ತಾಳೆ ನೋಡಿದರು, ಎರಡೂ ಕಡೆ ಒಂದೇ ವ್ಯಾಸ ಇರಬೇಕಂತೆ. ನಿಪ್ಪಲ್ ಮೇಲ್ಮುಖವಾಗಿದೆಯೇ ಅಂತಲೂ ನೋಡಿದರು. ಎಡಬಲ ಅದಲುಬದಲಾಗಿ ನಿಪ್ಪಲ್ ಕೆಳಗೆ ಬಂದರೆ ಗಾಳಿ ಒಳಗೇ ಉಳಿದು ಪೆಡಲ್ ಸ್ಪಂಜಿನ ಹಾಗೆ ಆಗುತ್ತದೆ. ಪ್ಯಾಡು ಎರಡೂ ಚಕ್ರಕ್ಕೆ ಹೊಸದು. ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು, ಪೂರ್ತಿ ತೆಗೆದು ಡಾಟ್ 4 ದರ್ಜೆಯ ಹೊಸ ಆಯಿಲ್ ತುಂಬಿದರು. ಅದು ಗಾಳಿಯ ತೇವ ಹೀರುತ್ತ ಹೋಗುತ್ತದೆ. ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಇರಬೇಕಾದ ಕುದಿಯುವ ಮಟ್ಟ ತೇವ ಸೇರಿದಾಗ 155ರವರೆಗೂ ಇಳಿಯಬಹುದು. ಟೋಲ್‌ನಲ್ಲಿ ಆ ದಿನ ಬ್ರೇಕಿನ ಬಿಸಿ ಎಷ್ಟಕ್ಕೆ ಹೋಗಿತ್ತೋ, ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಲೋಕಲ್ ಕ್ಯಾಲಿಪರ್ ಈಗ ಅಂಗಡಿಯಲ್ಲಿದೆ. ಲೈನಿಂಗ್ ಥಾನುಗಳು ಉರುಳದಂತೆ ಕೆಳಗಿನ ಹಲಗೆಯ ತುದಿಯಲ್ಲಿ ಒತ್ತಿಟ್ಟಿದ್ದೇನೆ, ಆ ಕೆಲಸ ಚೆನ್ನಾಗಿ ಮಾಡುತ್ತದೆ. ಮೊನ್ನೆ ಅದೇ ಗುಜರಿಯವನು ರಟ್ಟಿನ ಡಬ್ಬಿ ಒಯ್ಯಲು ಬಂದವನು ಕಾಲಲ್ಲಿ ತಟ್ಟಿ, "ಇದನ್ನೂ ಹಾಕ್ರಿ ಅಕ್ಕಾರೆ" ಅಂದ. ಒರಿಜಿನಲ್ ಒಂದು ನನ್ನಿಂದ ಒಯ್ದಿದ್ದೆಯಲ್ಲ, ಅದು ಎಲ್ಲಿದೆ ಹೇಳು ಅಂದೆ. ನಕ್ಕು, ಡಬ್ಬಿ ಕಟ್ಟಿಕೊಂಡು ಹೋದ.